ಎಕ್ಸ್‌ಎಂಎಲ್: ಜಾಲತಾಣಗಳಿಗೂ ಸಂಘದ ಕಡತಗಳಿಗೂ ಅದರ ಅಗತ್ಯ

ನಮ್ಮ ಜಾಲತಾಣದ ಕೆಲಸದಲ್ಲಿ ಕೈಜೋಡಿಸುತ್ತಿರುವ ಕಾಲೇಜು ವಿದ್ಯಾರ್ಥಿಗಳು ಆಗಾಗ ಕೇಳುವ ಪ್ರಶ್ನೆ ಇದು: "ಎಕ್ಸ್‌ಎಂಎಲ್ ಹಳೆಯದಾಯಿತು, ಈಗ ಎಲ್ಲ ಕಡೆ ಜೇಸನ್. ಇದನ್ನು ಯಾಕೆ ಕಲಿಯಬೇಕು?" ಹಿರಿಯ ಸದಸ್ಯರು ಕೇಳುವುದು ಬೇರೆ: "ಸಂಘದ ಹಳೆಯ ವರದಿ, ಆಮಂತ್ರಣ, ಸ್ಮರಣ ಸಂಚಿಕೆಗಳನ್ನು ಕಂಪ್ಯೂಟರಿಗೆ ಹಾಕಿದರೆ ಇಪ್ಪತ್ತೈದು ವರ್ಷ ಕಳೆದ ಮೇಲೂ ತೆರೆದು ಓದಲು ಬರುತ್ತದೆಯೇ?" ಈ ಎರಡು ಪ್ರಶ್ನೆಗಳಿಗೂ ಸೇರಿಸಿ ಉತ್ತರ ಹೇಳಬಹುದೆಂದು ನಮಗೆ ಅನಿಸಿದ್ದರಿಂದ ಈ ಲೇಖನವನ್ನು ಮಾಹಿತಿ ವಿಭಾಗಕ್ಕೆ ಸೇರಿಸುತ್ತಿದ್ದೇವೆ. ಕಾಸರಗೋಡಿನ ಸಂಘಗಳಲ್ಲದೆ ಹೊಸೂರು, ಸೊಲ್ಲಾಪುರ, ಆದೋನಿ ಕಡೆಯ ಸೋದರ ಸಂಘಗಳಿಗೂ ಇದು ಉಪಯೋಗಕ್ಕೆ ಬರಬಹುದು.

ಎಕ್ಸ್‌ಎಂಎಲ್ ಎಂದರೇನು?

ಕಚೇರಿಗಳಿಗೆ ಅರ್ಜಿ ಬರೆದವರಿಗೆಲ್ಲ ಅದರ ಕ್ರಮ ಗೊತ್ತು. ಮೇಲೆ "ಇಂದ", ಅದರ ಕೆಳಗೆ "ಗೆ", ಬಳಿಕ "ಮಾನ್ಯರೇ", "ವಿಷಯ", "ಉಲ್ಲೇಖ". ಕಾಗದ ಕೈಗೆ ಬಂದ ಗುಮಾಸ್ತನು ಇಡೀ ಪತ್ರವನ್ನು ಓದದೆಯೇ, ಯಾರು ಬರೆದರು, ಯಾವ ವಿಷಯ, ಯಾವ ಕಡತಕ್ಕೆ ಸೇರಬೇಕು ಎಂದು ಹೇಳಬಲ್ಲ. ಎಕ್ಸ್‌ಎಂಎಲ್ ಕೂಡ ಇದೇ ಕೆಲಸವನ್ನು ಮಾಡುತ್ತದೆ. ಬರಹದ ಪ್ರತಿಯೊಂದು ಭಾಗಕ್ಕೂ ಅದು ಏನು ಎಂಬ ಚೀಟಿ ಅಂಟಿಸುವ ಕ್ರಮವೇ ಎಕ್ಸ್‌ಎಂಎಲ್. ಈ ಚೀಟಿಗೆ ಟ್ಯಾಗ್ ಎನ್ನುತ್ತಾರೆ.

ಪೂರ್ಣ ಹೆಸರು ಎಕ್ಸ್‌ಟೆನ್ಸಿಬಲ್ ಮಾರ್ಕಪ್ ಲ್ಯಾಂಗ್ವೇಜ್, ಅಂದರೆ ವಿಸ್ತರಿಸಬಹುದಾದ ಗುರುತು ಭಾಷೆ. ಜಾಲಪುಟಗಳನ್ನು ಬರೆಯುವ ಎಚ್‌ಟಿಎಂಎಲ್‌ನಲ್ಲಿ ಟ್ಯಾಗುಗಳ ಹೆಸರು ಮೊದಲೇ ನಿಗದಿಯಾಗಿದೆ: ಶೀರ್ಷಿಕೆಗೆ ಇದು, ಪ್ಯಾರಾಕ್ಕೆ ಇದು ಎಂದು. ಎಕ್ಸ್‌ಎಂಎಲ್‌ನಲ್ಲಿ ನಮಗೆ ಬೇಕಾದ ಟ್ಯಾಗುಗಳನ್ನು ನಾವೇ ಹೆಸರಿಸಬಹುದು. ಕನ್ನಡ ಅಕ್ಷರಗಳಲ್ಲಿಯೂ ಹೆಸರಿಡಬಹುದು; ನಿಯಮವೇ ಅದಕ್ಕೆ ಅವಕಾಶ ಕೊಟ್ಟಿದೆ. ಒಂದು ಮಾದರಿ:

<ಕಾರ್ಯಕ್ರಮ>
  <ಹೆಸರು>ತಾಳಮದ್ದಳೆ</ಹೆಸರು>
  <ಪ್ರಸಂಗ>ಪಂಚವಟಿ</ಪ್ರಸಂಗ>
  <ದಿನಾಂಕ>2025-11-01</ದಿನಾಂಕ>
  <ಸಮಯ>ಸಂಜೆ 4.00</ಸಮಯ>
  <ಸ್ಥಳ>ಕುಂಬಳೆ</ಸ್ಥಳ>
</ಕಾರ್ಯಕ್ರಮ>

ಕಂಪ್ಯೂಟರ್ ಕಲಿಯದವರೂ ಇದನ್ನು ಓದಿ ಅರ್ಥ ಮಾಡಿಕೊಳ್ಳಬಹುದು. ಯಾವ ಸಾಫ್ಟ್‌ವೇರ್ ಇಲ್ಲದಿದ್ದರೂ ನೋಟ್‌ಪ್ಯಾಡಿನಲ್ಲಿ ತೆರೆಯಬಹುದು. ಹಾಗೆಯೇ ಯಂತ್ರವೂ "ಈ ತಿಂಗಳು ಕುಂಬಳೆಯಲ್ಲಿರುವ ತಾಳಮದ್ದಳೆಗಳು ಯಾವುವು?" ಎಂಬ ಪ್ರಶ್ನೆಗೆ ಇದರಿಂದ ಉತ್ತರ ಹುಡುಕಬಲ್ಲದು. ಆಮಂತ್ರಣ ಪತ್ರಿಕೆಯ ಫೋಟೋ ಮಾತ್ರ ಹಾಕಿದರೆ ಆ ಉತ್ತರ ಸುಲಭವಾಗಿ ಸಿಗುವುದಿಲ್ಲ.

ದಿನಾಂಕವನ್ನು ವರ್ಷ, ತಿಂಗಳು, ದಿನ ಎಂಬ ಕ್ರಮದಲ್ಲಿ ಬರೆದಿರುವುದನ್ನು ಗಮನಿಸಿ. 01-11 ಎಂದು ಬರೆದರೆ ನವೆಂಬರ್ ಒಂದೋ, ಜನವರಿ ಹನ್ನೊಂದೋ ಎಂಬ ಸಂಶಯ ಬರುತ್ತದೆ. ಎಕ್ಸ್‌ಎಂಎಲ್ ಸ್ಕೀಮಾ ಎಂಬ ನಿಯಮಾವಳಿಯು ದಿನಾಂಕಕ್ಕೆ ಈ ಕ್ರಮವನ್ನೇ ನಿಗದಿಪಡಿಸಿದೆ; ಅಂಕಿಗಳು ಕೂಡ 0ಯಿಂದ 9ರ ವರೆಗಿನವೇ ಆಗಿರಬೇಕು.

ಹಿನ್ನೆಲೆ

1969ರಲ್ಲಿ ಐಬಿಎಂ ಸಂಸ್ಥೆಯಲ್ಲಿ ಚಾರ್ಲ್ಸ್ ಗೋಲ್ಡ್‌ಫಾರ್ಬ್, ಎಡ್ವರ್ಡ್ ಮೋಷರ್ ಮತ್ತು ರೇಮಂಡ್ ಲೋರಿ ಎಂಬವರು ಜಿಎಂಎಲ್ ಎಂಬ ಗುರುತು ಭಾಷೆಯನ್ನು ರೂಪಿಸಿದರು. ಮೂವರ ಹೆಸರಿನ ಮೊದಲ ಅಕ್ಷರಗಳೇ ಆ ಹೆಸರಿನಲ್ಲಿವೆ. ಅದೇ ಬೆಳೆದು ಎಸ್‌ಜಿಎಂಎಲ್ ಆಗಿ 1986ರಲ್ಲಿ ಅಂತಾರಾಷ್ಟ್ರೀಯ ಮಾನಕವಾಯಿತು. ದೊಡ್ಡ ಪ್ರಕಾಶಕರು, ಸರಕಾರಿ ಇಲಾಖೆಗಳು ಅದನ್ನು ಬಳಸಿದವು. ಆದರೆ ನಿಯಮಗಳು ವಿಪರೀತವಾದ್ದರಿಂದ ಅಂತರಜಾಲದಲ್ಲಿ ಬಳಸಲು ಕಷ್ಟವಾಗಿತ್ತು.

1996ರಲ್ಲಿ ವರ್ಲ್ಡ್ ವೈಡ್ ವೆಬ್ ಕನ್ಸಾರ್ಷಿಯಂ ಆಶ್ರಯದಲ್ಲಿ ಸನ್ ಮೈಕ್ರೋಸಿಸ್ಟಮ್ಸ್‌ನ ಜಾನ್ ಬೊಸಾಕ್ ನೇತೃತ್ವದ ತಂಡವು ಎಸ್‌ಜಿಎಂಎಲ್‌ನಿಂದ ಅಗತ್ಯವಾದುದನ್ನು ಮಾತ್ರ ಉಳಿಸಿಕೊಂಡು ಸರಳ ರೂಪವೊಂದನ್ನು ಸಿದ್ಧಪಡಿಸಲು ಆರಂಭಿಸಿತು. 1998ರ ಫೆಬ್ರವರಿ 10ರಂದು ಎಕ್ಸ್‌ಎಂಎಲ್ 1.0 ಅಧಿಕೃತ ಶಿಫಾರಸಾಗಿ ಪ್ರಕಟವಾಯಿತು. ಟಿಮ್ ಬ್ರೇ, ಜೀನ್ ಪಾವೊಲಿ ಮತ್ತು ಸ್ಪರ್ಬರ್ಗ್-ಮೆಕ್ವೀನ್ ಅದರ ಸಂಪಾದಕರು. ಐದನೆಯ ಆವೃತ್ತಿ 2008ರಲ್ಲಿ ಬಂದಿದೆ. ಮೊದಲ ಆವೃತ್ತಿಯ ಪ್ರಕಾರ ಸರಿಯಾಗಿ ಬರೆದ ಕಡತವನ್ನು ಇಂದಿನ ತಂತ್ರಾಂಶವೂ ಓದುತ್ತದೆ. ಹಿರಿಯ ಸದಸ್ಯರ ಪ್ರಶ್ನೆಗೆ ಉತ್ತರದ ಮುಖ್ಯ ಅಂಶ ಇದು.

ನಿಯಮಗಳು

ನಿಯಮಗಳು ಕೆಲವೇ, ಆದರೆ ಕಟ್ಟುನಿಟ್ಟು.

1. ಇಡೀ ಕಡತವನ್ನು ಒಳಗೊಳ್ಳುವ ಒಂದೇ ಒಂದು ಹೊರಗಿನ ಟ್ಯಾಗ್ ಇರಬೇಕು. ಮೇಲಿನ ಮಾದರಿಯಲ್ಲಿ ಅದು "ಕಾರ್ಯಕ್ರಮ".

2. ತೆರೆದ ಪ್ರತಿಯೊಂದು ಟ್ಯಾಗನ್ನೂ ಮುಚ್ಚಬೇಕು. ಮಂಗಳ ಹಾಡದೆ ಆಟ ಮುಗಿಯುವುದಿಲ್ಲವಷ್ಟೆ, ಹಾಗೆ.

3. ಕೊನೆಗೆ ತೆರೆದುದನ್ನು ಮೊದಲು ಮುಚ್ಚಬೇಕು. ಚಾವಡಿಯ ಬಾಗಿಲು ಹಾಕಿದ ಮೇಲೆ ಒಳಕೋಣೆಯ ಬಾಗಿಲು ಹಾಕಲು ಬರುವುದಿಲ್ಲ.

4. ಟ್ಯಾಗಿನ ಒಳಗೆ ಕೊಡುವ ಹೆಚ್ಚುವರಿ ವಿವರವನ್ನು ಉದ್ಧರಣ ಚಿಹ್ನೆಯೊಳಗೆ ಬರೆಯಬೇಕು.

5. "ಮತ್ತು" ಎಂಬರ್ಥದ ಆ್ಯಂಪರ್ಸಂಡ್ ಚಿಹ್ನೆಯನ್ನೂ ಟ್ಯಾಗ್ ಆರಂಭಿಸುವ ಕೋನ ಚಿಹ್ನೆಯನ್ನೂ ಬರಹದ ನಡುವೆ ನೇರವಾಗಿ ಬಳಸಬಾರದು. ಅವಕ್ಕೆ ಬದಲಿ ಸಂಕೇತಗಳಿವೆ.

ಇವುಗಳಲ್ಲಿ ಒಂದು ತಪ್ಪಿದರೂ ತಂತ್ರಾಂಶವು ಅಲ್ಲಿಗೇ ನಿಂತು ದೋಷದ ಸಾಲನ್ನು ತೋರಿಸುತ್ತದೆ. ಲೆಕ್ಕಪತ್ರ ತಾಳೆಯಾಗದಿದ್ದರೆ ಪುಟ ಮುಂದೆ ಹೋಗದ ಕಚೇರಿ ಪದ್ಧತಿಯಂತೆ ಇದು. ದಾಖಲೆಗಳ ಮಟ್ಟಿಗೆ ಈ ಶಿಸ್ತು ಒಳ್ಳೆಯದು. ಆದರೆ ಜಾಲಪುಟಗಳಿಗೆ ಇದು ಒಗ್ಗಲಿಲ್ಲ. 2000ದ ಜನವರಿಯಲ್ಲಿ ಎಚ್‌ಟಿಎಂಎಲ್ ಅನ್ನು ಎಕ್ಸ್‌ಎಂಎಲ್ ನಿಯಮಕ್ಕೆ ಒಳಪಡಿಸಿ ಎಕ್ಸ್‌ಎಚ್‌ಟಿಎಂಎಲ್ ಎಂಬುದನ್ನು ತಂದರು. ಒಂದು ಸಣ್ಣ ತಪ್ಪಿಗೆ ಓದುಗನಿಗೆ ಇಡೀ ಪುಟವೇ ಕಾಣದೆ ಹೋಗುವುದನ್ನು ಯಾರೂ ಒಪ್ಪಲಿಲ್ಲ. 2014ರಲ್ಲಿ ಶಿಫಾರಸಾದ ಎಚ್‌ಟಿಎಂಎಲ್5 ತಪ್ಪುಗಳನ್ನು ಸಹಿಸಿಕೊಂಡು ಪುಟವನ್ನು ತೋರಿಸುವ ದಾರಿ ಹಿಡಿದಿದೆ.

ಇಂದು ಎಲ್ಲೆಲ್ಲಿ ಬಳಕೆಯಲ್ಲಿದೆ?

ಪುಟದ ಎದುರುಭಾಗದಲ್ಲಿ ಕಾಣದಿದ್ದರೂ ಹಿಂಭಾಗದಲ್ಲಿ ಎಕ್ಸ್‌ಎಂಎಲ್ ದಿನನಿತ್ಯ ಕೆಲಸ ಮಾಡುತ್ತಿದೆ.

ಆರ್‌ಎಸ್‌ಎಸ್ ಮತ್ತು ಆಟಂ: ಜಾಲತಾಣಕ್ಕೆ ಹೊಸ ಬರಹ ಸೇರಿದಾಗ ಓದುಗರಿಗೆ ತಿಳಿಸುವ ಪಟ್ಟಿಗಳು. ಆರ್‌ಎಸ್‌ಎಸ್ 1999ರಲ್ಲಿ ನೆಟ್‌ಸ್ಕೇಪ್ ಸಂಸ್ಥೆಯಲ್ಲಿ ಆರಂಭವಾಯಿತು. ಆಟಂ 2005ರಲ್ಲಿ ಮಾನಕವಾಯಿತು. ಪಾಡ್‌ಕಾಸ್ಟ್‌ಗಳು ಕೇಳುಗರ ಫೋನಿಗೆ ತಲುಪುವುದು ಆರ್‌ಎಸ್‌ಎಸ್ ಮೂಲಕವೇ. ಊರಿನ ತಾಳಮದ್ದಳೆಯ ಧ್ವನಿಮುದ್ರಣವನ್ನು ಕೊಲ್ಲಿ ರಾಷ್ಟ್ರದಲ್ಲಿರುವ ಮಕ್ಕಳಿಗೆ ಯಾವ ಕಂಪೆನಿಯ ಹಂಗೂ ಇಲ್ಲದೆ ತಲುಪಿಸಬೇಕಾದರೆ ಇದು ತಕ್ಕ ದಾರಿ.

ಸೈಟ್‌ಮ್ಯಾಪ್: ನಮ್ಮ ತಾಣದಲ್ಲಿ ಯಾವ ಯಾವ ಪುಟಗಳಿವೆ ಎಂದು ಹುಡುಕು ಯಂತ್ರಗಳಿಗೆ ಕೊಡುವ ಪಟ್ಟಿ. ಗೂಗಲ್ 2005ರಲ್ಲಿ ಇದನ್ನು ತಂದಿತು. 2006ರಲ್ಲಿ ಯಾಹೂ, ಮೈಕ್ರೋಸಾಫ್ಟ್ ಸಹ ಒಪ್ಪಿಕೊಂಡವು. ಒಂದು ಕಡತದಲ್ಲಿ 50,000 ಕೊಂಡಿಗಳ ವರೆಗೆ ಇರಬಹುದು. ವರ್ಡ್‌ಪ್ರೆಸ್‌ನಲ್ಲಿ 2020ರಿಂದ ಇದು ತಾನಾಗಿಯೇ ಸಿದ್ಧವಾಗುತ್ತದೆ.

ಎಸ್‌ವಿಜಿ: ಎಷ್ಟು ದೊಡ್ಡದು ಮಾಡಿದರೂ ಅಂಚು ಒಡೆಯದ ಚಿತ್ರಗಳು. ಲಾಂಛನ, ನಕ್ಷೆಗಳಿಗೆ ಬಳಸುತ್ತಾರೆ. ಇದು ಚಿತ್ರವನ್ನು ಎಕ್ಸ್‌ಎಂಎಲ್‌ನಲ್ಲಿ ಬರೆದಿಡುವ ಕ್ರಮ, 2001ರಿಂದ ಇದೆ.

ಕಚೇರಿ ಕಡತಗಳು: ವರ್ಡ್‌ನ ಡಾಕ್ಸ್ ಕಡತ, ಎಕ್ಸೆಲ್‌ನ ಹೊಸ ಕಡತ, ಲಿಬ್ರೆ ಆಫೀಸಿನ ಓಡಿಟಿ ಕಡತ ಇವೆಲ್ಲ ಎಕ್ಸ್‌ಎಂಎಲ್ ಕಡತಗಳ ಜಿಪ್ ಕಟ್ಟುಗಳು. ಡಾಕ್ಸ್ ಕಡತವೊಂದರ ನಕಲು ಮಾಡಿ, ಅದರ ಹೆಸರಿನ ಕೊನೆಯ ಭಾಗವನ್ನು ಜಿಪ್ ಎಂದು ಬದಲಾಯಿಸಿ ಬಿಚ್ಚಿ ನೋಡಿ. ಒಳಗಡೆ ನಿಮ್ಮ ಬರಹವು ಟ್ಯಾಗುಗಳ ನಡುವೆ ಕಾಣುತ್ತದೆ. ಇ-ಪುಸ್ತಕದ ಈಪಬ್ ಕೂಡ ಇದೇ ಜಾತಿ.

ಹಣಕಾಸು ಮತ್ತು ಸರಕಾರ: ಯುಪಿಐ ವ್ಯವಸ್ಥೆಯಲ್ಲಿ ಬ್ಯಾಂಕುಗಳಿಗೂ ಎನ್‌ಪಿಸಿಐಗೂ ನಡುವೆ ಹೋಗಿಬರುವ ಸಂದೇಶಗಳು ಎಕ್ಸ್‌ಎಂಎಲ್ ರೂಪದಲ್ಲಿವೆ. ಅಂಗಡಿಯಲ್ಲಿ ಸ್ಕ್ಯಾನ್ ಮಾಡಿ ಹಣ ಕೊಟ್ಟಾಗಲೆಲ್ಲ ಅದರ ಬಳಕೆ ಆಗುತ್ತಿರುತ್ತದೆ. ಆಧಾರ್‌ನ ಆಫ್‌ಲೈನ್ ಇ-ಕೆವೈಸಿ ಕಡತವು ಡಿಜಿಟಲ್ ಸಹಿಯಿರುವ ಎಕ್ಸ್‌ಎಂಎಲ್. ಟ್ಯಾಲಿ ಲೆಕ್ಕಪತ್ರವನ್ನು ಒಂದು ಕಂಪ್ಯೂಟರಿನಿಂದ ಇನ್ನೊಂದಕ್ಕೆ ಕೊಂಡೊಯ್ಯಲು ಸಹ ಇದನ್ನು ಬಳಸಬಹುದು.

ಮೊಬೈಲ್: ಆಂಡ್ರಾಯ್ಡ್ ಆ್ಯಪ್‌ಗಳಲ್ಲಿ ಪರದೆಯ ಮೇಲೆ ಕಾಣುವ ಪದಗಳನ್ನು ಭಾಷೆಗೊಂದರಂತೆ ಎಕ್ಸ್‌ಎಂಎಲ್ ಕಡತಗಳಲ್ಲಿ ಇಡುತ್ತಾರೆ. ಆ್ಯಪ್ ಅನ್ನು ಕನ್ನಡಕ್ಕೆ ತರುವುದೆಂದರೆ ಬಹುಪಾಲು ಆ ಕಡತವನ್ನು ಕನ್ನಡದಲ್ಲಿ ಬರೆಯುವುದೇ. ಪ್ರೋಗ್ರಾಂ ಬರೆಯಲು ಬಾರದ, ಆದರೆ ಕನ್ನಡ ಚೆನ್ನಾಗಿ ಬಲ್ಲ ಅಧ್ಯಾಪಕರೂ ಈ ಕೆಲಸದಲ್ಲಿ ನೆರವಾಗಬಹುದು.

ಜೇಸನ್ ಇರುವಾಗ ಇದೇಕೆ?

ವಿದ್ಯಾರ್ಥಿಗಳ ಪ್ರಶ್ನೆ ಸರಿಯಾದುದೇ. 1999ರಲ್ಲಿ ಮೈಕ್ರೋಸಾಫ್ಟ್ ತನ್ನ ಬ್ರೌಸರಿನಲ್ಲಿ ಎಕ್ಸ್‌ಎಂಎಲ್‌ಎಚ್‌ಟಿಟಿಪಿ ಎಂಬ ಸೌಲಭ್ಯ ಕೊಟ್ಟಿತು. ಅದರಿಂದ ಪುಟವನ್ನು ಪೂರ್ತಿ ಬದಲಾಯಿಸದೆಯೇ ಹೊಸ ಮಾಹಿತಿಯನ್ನು ತರಿಸಲು ಸಾಧ್ಯವಾಯಿತು. 2005ರಲ್ಲಿ ಈ ಪದ್ಧತಿಗೆ ಅಜಾಕ್ಸ್ ಎಂಬ ಹೆಸರು ಬಂತು. ಆ ಹೆಸರಿನ ಕೊನೆಯ ಅಕ್ಷರ ಎಕ್ಸ್‌ಎಂಎಲ್‌ನದು. ಆದರೆ ಡಗ್ಲಾಸ್ ಕ್ರಾಕ್‌ಫರ್ಡ್ ಪ್ರಚಾರಕ್ಕೆ ತಂದ ಜೇಸನ್ ಇನ್ನೂ ಹಗುರ, ಜಾವಾಸ್ಕ್ರಿಪ್ಟ್‌ಗೆ ಇನ್ನೂ ಹತ್ತಿರ. ಆದ್ದರಿಂದ ಸರ್ವರ್ ಮತ್ತು ಆ್ಯಪ್‌ಗಳ ನಡುವಿನ ಸಾಗಾಟಕ್ಕೆ ಅದೇ ರೂಢಿಯಾಯಿತು. ಆದಾಯ ತೆರಿಗೆ ಇಲಾಖೆ ಸಹ 2021-22ರ ನಿರ್ಧಾರಣಾ ವರ್ಷದಿಂದ ರಿಟರ್ನ್ ಕಡತಗಳನ್ನು ಎಕ್ಸ್‌ಎಂಎಲ್ ಬಿಟ್ಟು ಜೇಸನ್‌ಗೆ ಬದಲಾಯಿಸಿತು.

ಹೆಸರು, ಮೊತ್ತ, ದಿನಾಂಕ ಎಂಬ ಕಲಂಗಳ ಪಟ್ಟಿಗೆ ಜೇಸನ್ ಸಾಕು. ಬರಹದ ಒಳಗಡೆ ಗುರುತು ಹಾಕಬೇಕಾದಾಗ ಎಕ್ಸ್‌ಎಂಎಲ್ ಬೇಕು. ವಾಕ್ಯದ ನಡುವೆ ಊರಿನ ಹೆಸರು, ವ್ಯಕ್ತಿಯ ಹೆಸರು, ಪದ್ಯದ ಸಾಲು, ಅಡಿಟಿಪ್ಪಣಿ ಇವೆಲ್ಲ ಬರುವಂತಹ ಬರಹಕ್ಕೆ ಅದು ಹೇಳಿಮಾಡಿಸಿದಂತಿದೆ. ಪ್ರಾಚೀನ ಕೃತಿಗಳ ಸಂಪಾದನೆಗೆ ಜಗತ್ತಿನ ವಿಶ್ವವಿದ್ಯಾಲಯಗಳು ಬಳಸುವ ಟಿಇಐ ಎಂಬ ನಿಯಮಾವಳಿ ಎಕ್ಸ್‌ಎಂಎಲ್‌ನಲ್ಲಿಯೇ ಇದೆ. ಸಂಕ್ಷೇಪವಾಗಿ ಹೇಳುವುದಾದರೆ ಸಾಗಿಸುವ ಮಾಹಿತಿಗೆ ಜೇಸನ್, ಉಳಿಸುವ ಬರಹಕ್ಕೆ ಎಕ್ಸ್‌ಎಂಎಲ್. ಜಾಲತಾಣ ಕಟ್ಟುವವರಿಗೆ ಎರಡೂ ಗೊತ್ತಿರಬೇಕು.

ಕನ್ನಡ ಮತ್ತು ಎಕ್ಸ್‌ಎಂಎಲ್

ಎಕ್ಸ್‌ಎಂಎಲ್ ಹುಟ್ಟಿದ್ದೇ ಯೂನಿಕೋಡ್ ಆಧಾರದ ಮೇಲೆ. ಯುಟಿಎಫ್-8 ಮತ್ತು ಯುಟಿಎಫ್-16 ಎರಡನ್ನೂ ಓದುವ ಶಕ್ತಿ ಪ್ರತಿಯೊಂದು ಎಕ್ಸ್‌ಎಂಎಲ್ ತಂತ್ರಾಂಶಕ್ಕೂ ಇರಲೇಬೇಕು ಎಂಬುದು ನಿಯಮ. ಕನ್ನಡವು 1991ರ ಮೊದಲ ಆವೃತ್ತಿಯಿಂದಲೇ ಯೂನಿಕೋಡಿನಲ್ಲಿದೆ. "ಕನ್ನಡ" ಎಂಬ ಪದವು ಯೂನಿಕೋಡಿನ ಲೆಕ್ಕದಲ್ಲಿ ಕ, ನ, ವಿರಾಮ ಚಿಹ್ನೆ, ನ, ಡ ಎಂಬ ಐದು ಸಂಕೇತಗಳು. ಯುಟಿಎಫ್-8ರಲ್ಲಿ ತಲಾ ಮೂರರಂತೆ 15 ಬೈಟ್.

ನುಡಿ, ಬರಹ, ಶ್ರೀಲಿಪಿಗಳ ಹಳೆಯ ಫಾಂಟುಗಳಲ್ಲಿ ಟೈಪ್ ಮಾಡಿದ ಕಡತಗಳ ಕಥೆ ಬೇರೆ. ಅಲ್ಲಿ ಕಂಪ್ಯೂಟರಿನ ಲೆಕ್ಕಕ್ಕೆ ಇರುವುದು ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳ ಸಂಕೇತಗಳು. ಫಾಂಟ್ ಇದ್ದಾಗ ಮಾತ್ರ ಅವು ಕನ್ನಡವಾಗಿ ಕಾಣುತ್ತವೆ. ಫಾಂಟ್ ಹೋದರೆ ಅರ್ಥವಿಲ್ಲದ ಚಿಹ್ನೆಗಳ ಸಾಲು ಉಳಿಯುತ್ತದೆ. ಅಂತಹ ಬರಹವನ್ನು ಮೊದಲು ಯೂನಿಕೋಡಿಗೆ ಪರಿವರ್ತಿಸದೆ ಎಕ್ಸ್‌ಎಂಎಲ್‌ಗೆ ಹಾಕಿ ಪ್ರಯೋಜನವಿಲ್ಲ. ಪರಿವರ್ತನೆಯಾದ ಮೇಲೆ ಒತ್ತಕ್ಷರ, ಅರ್ಕಾವತ್ತುಗಳನ್ನು ಕಣ್ಣಿಟ್ಟು ತಿದ್ದಬೇಕು.

ಕನ್ನಡದ ವಿಭಕ್ತಿ ಪ್ರತ್ಯಯಗಳಿಗೂ ಟ್ಯಾಗ್ ಹಾಕುವಾಗ ಯೋಚಿಸಬೇಕಾಗುತ್ತದೆ. "ಮಂಜೇಶ್ವರದಲ್ಲಿ ಗೋವಿಂದ ಪೈಯವರು ನೆಲೆಸಿದ್ದರು" ಎಂಬ ವಾಕ್ಯವನ್ನು ತೆಗೆದುಕೊಳ್ಳಿ. ಪ್ರತ್ಯಯವನ್ನು ಹೊರಗಿಟ್ಟು <ಊರು>ಮಂಜೇಶ್ವರ</ಊರು>ದಲ್ಲಿ ಎಂದು ಬರೆಯಬಹುದು. ಆದರೆ "ಕಾಸರಗೋಡಿನಲ್ಲಿ" ಎಂಬಲ್ಲಿ ಮೂಲ ಪದದ ಕೊನೆಯ ಉಕಾರವೇ ಹೋಗಿಬಿಟ್ಟಿದೆ, ಕತ್ತರಿಸಲು ಜಾಗವಿಲ್ಲ. ಅಂತಹ ಕಡೆ ಪೂರ್ತಿ ಪದಕ್ಕೆ ಟ್ಯಾಗ್ ಹಾಕಿ ಮೂಲರೂಪವನ್ನು ಬದಿಯಲ್ಲಿ ಕೊಡುವುದು ಉತ್ತಮ: <ಊರು ಮೂಲ="ಕಾಸರಗೋಡು">ಕಾಸರಗೋಡಿನಲ್ಲಿ</ಊರು>. ಹೀಗೆ ಮಾಡಿದರೆ ಕಾಸರಗೋಡಿಗೆ, ಕಾಸರಗೋಡಿನಿಂದ, ಕಾಸರಗೋಡಿನವರು ಎಂದು ಯಾವ ರೂಪದಲ್ಲಿ ಬರೆದಿದ್ದರೂ ಒಂದೇ ಹುಡುಕಾಟಕ್ಕೆ ಸಿಗುತ್ತದೆ.

ಗಡಿನಾಡಿಗೆ ವಿಶೇಷ ಪ್ರಯೋಜನ

ನಮ್ಮಲ್ಲಿ ಒಂದೇ ಆಮಂತ್ರಣದಲ್ಲಿ ಕನ್ನಡ, ಮಲಯಾಳ, ತುಳು, ಕೊಂಕಣಿ ಇರುವುದು ಸಾಮಾನ್ಯ. ಸೊಲ್ಲಾಪುರದಲ್ಲಿ ಮರಾಠಿ, ಹೊಸೂರಿನಲ್ಲಿ ತಮಿಳು ಮತ್ತು ತೆಲುಗು ಜತೆಗಿರುತ್ತವೆ. ಎಕ್ಸ್‌ಎಂಎಲ್‌ನಲ್ಲಿ ಪ್ರತಿಯೊಂದು ಭಾಗಕ್ಕೂ ಅದು ಯಾವ ಭಾಷೆ ಎಂದು ಗುರುತು ಹಾಕುವ ಸೌಲಭ್ಯ ಮೂಲ ನಿಯಮದಲ್ಲಿಯೇ ಇದೆ. ಕನ್ನಡಕ್ಕೆ, ತುಳುವಿಗೆ, ಕೊಡವಕ್ಕೆ, ನೀಲಗಿರಿಯ ಬಡಗಕ್ಕೆ ಬೇರೆ ಬೇರೆ ಭಾಷಾ ಸಂಕೇತಗಳಿವೆ.

ಇದು ಏಕೆ ಮುಖ್ಯ? ತುಳುವನ್ನು ನಾವು ಕನ್ನಡ ಲಿಪಿಯಲ್ಲಿ ಬರೆಯುತ್ತೇವೆ. ಗುರುತು ಇಲ್ಲದಿದ್ದರೆ ಯಂತ್ರವು ಅದನ್ನು ತಪ್ಪುಗಳಿರುವ ಕನ್ನಡವೆಂದು ಭಾವಿಸಿ ತಿದ್ದಲು ಹೊರಡುತ್ತದೆ. 2024ರಲ್ಲಿ ತುಳು-ತಿಗಳಾರಿ ಲಿಪಿಯೂ ಯೂನಿಕೋಡಿಗೆ ಸೇರಿರುವುದರಿಂದ ಇನ್ನು ಭಾಷೆಯ ಜತೆ ಲಿಪಿಯನ್ನೂ ಗುರುತಿಸುವುದು ಒಳ್ಳೆಯದು. ದೃಷ್ಟಿಹೀನರಿಗೆ ಪುಟವನ್ನು ಓದಿ ಹೇಳುವ ತಂತ್ರಾಂಶಗಳು ಯಾವ ಭಾಷೆಯ ಧ್ವನಿಯಲ್ಲಿ ಓದಬೇಕೆಂದು ತಿಳಿಯುವುದು ಸಹ ಇಂತಹ ಗುರುತಿನಿಂದ.

ಇನ್ನೊಂದು ಕಾರಣ ಇನ್ನೂ ಗಂಭೀರವಾದುದು. ಗಡಿಯಾಚೆಗಿನ ಸಣ್ಣ ಸಂಘವೊಂದರ ವಾರ್ಷಿಕ ವರದಿಯನ್ನು, ಶಾಲೆಗಾಗಿ ಕೊಟ್ಟ ಮನವಿಯನ್ನು, ಊರಿನ ಕವಿಯ ಪದ್ಯವನ್ನು ಬೇರೆ ಯಾರೋ ಕಾಪಾಡುತ್ತಾರೆ ಎಂಬ ಭರವಸೆ ನಮಗಿಲ್ಲ. ಇಲ್ಲಿ ಕನ್ನಡ ಶಾಲೆ ಇತ್ತು, ಕನ್ನಡದಲ್ಲಿ ಸಭೆ ನಡೆಯುತ್ತಿತ್ತು ಎಂಬುದಕ್ಕೆ ನಾಳೆ ಸಾಕ್ಷಿ ಕೇಳಿದರೆ ತೋರಿಸಲು ಇರುವುದು ಈ ಕಾಗದಗಳೇ. ಉಚಿತ ತಾಣಗಳನ್ನು ನಂಬಿ ಕುಳಿತರೆ ಏನಾಗುತ್ತದೆ ಎಂಬುದಕ್ಕೆ ಉದಾಹರಣೆಗಳಿವೆ. ಯಾಹೂವಿನ ಜಿಯೋಸಿಟೀಸ್ 2009ರಲ್ಲಿ ಮುಚ್ಚಿತು. ಗೂಗಲ್ ಪ್ಲಸ್ 2019ರಲ್ಲಿ ಮುಚ್ಚಿತು. ಅಲ್ಲಿ ಬರೆದವರಲ್ಲಿ ನಕಲು ಇಟ್ಟುಕೊಂಡವರು ಉಳಿಸಿಕೊಂಡರು. ತಾಣ ಮುಚ್ಚಿದರೂ ಬರಹವನ್ನು ಹೊತ್ತೊಯ್ಯಲು ಎಕ್ಸ್‌ಎಂಎಲ್ ಪ್ರತಿ ನೆರವಾಗುತ್ತದೆ. ವಿಕಿಪೀಡಿಯದ ಇಡೀ ಬರಹವನ್ನು, 2003ರಲ್ಲಿ ಆರಂಭವಾದ ಕನ್ನಡದ್ದನ್ನೂ 2016ರಲ್ಲಿ ಬಂದ ತುಳುವಿನದ್ದನ್ನೂ ಸೇರಿಸಿ, ಎಕ್ಸ್‌ಎಂಎಲ್ ಕಡತವಾಗಿ ಯಾರು ಬೇಕಾದರೂ ಇಳಿಸಿಕೊಳ್ಳಬಹುದು.

ಎಚ್ಚರಿಕೆಗಳು

ಎಕ್ಸ್‌ಎಂಎಲ್ ಕಡತವು ಹೊರಗಿನ ಬೇರೊಂದು ಕಡತವನ್ನು ಕರೆದು ತರಬಲ್ಲದು. ಇದನ್ನು ದುರುಪಯೋಗ ಮಾಡಿ ಸರ್ವರಿನ ಗುಟ್ಟಿನ ಕಡತಗಳನ್ನು ಓದುವ ದಾಳಿಗಳಿವೆ. ಜಾಲತಾಣ ಕಟ್ಟುವವರು ಆ ಸೌಲಭ್ಯವನ್ನು ಬಂದ್ ಮಾಡಿಡಬೇಕು. ಆಧಾರ್‌ನ ಎಕ್ಸ್‌ಎಂಎಲ್ ಕಡತ ಮತ್ತು ಅದರ ನಾಲ್ಕಂಕಿಯ ಶೇರ್ ಕೋಡ್‌ಗಳನ್ನು ವಾಟ್ಸ್‌ಆ್ಯಪ್ ಗುಂಪಿಗೆ ಹಾಕಬಾರದು. ಸದಸ್ಯರ ಮನೆ ವಿಳಾಸ, ಫೋನ್ ನಂಬರ್ ಇರುವ ಪಟ್ಟಿಯನ್ನು ಯಾವ ರೂಪದಲ್ಲಿಯೂ ತಾಣಕ್ಕೆ ಏರಿಸಬಾರದು. ಟ್ಯಾಗ್ ಹಾಕಿದ ಪಟ್ಟಿಯನ್ನು ಕದಿಯುವವರ ಯಂತ್ರವೂ ಸುಲಭವಾಗಿ ಓದುತ್ತದೆ.

ಕನ್ನಡ ಹೆಸರಿನ ಟ್ಯಾಗುಗಳು ನಮ್ಮ ಸ್ವಂತ ಸಂಗ್ರಹಕ್ಕೆ ಮಾತ್ರ ಸರಿ. ಆರ್‌ಎಸ್‌ಎಸ್, ಸೈಟ್‌ಮ್ಯಾಪ್ ಮುಂತಾದವುಗಳಲ್ಲಿ ನಿಗದಿಯಾದ ಇಂಗ್ಲಿಷ್ ಹೆಸರುಗಳನ್ನೇ ಬಳಸಬೇಕು. ಇಲ್ಲವಾದರೆ ಬೇರೆಯವರ ತಂತ್ರಾಂಶಕ್ಕೆ ಅರ್ಥವಾಗುವುದಿಲ್ಲ.

ಸಂಘಗಳು ಮಾಡಬೇಕಾದುದು

1. ಕಾರ್ಯಕ್ರಮದ ಆಮಂತ್ರಣವನ್ನು ಚಿತ್ರದ ಜತೆಗೆ ಯೂನಿಕೋಡ್ ಬರಹವಾಗಿಯೂ ಕಳುಹಿಸಿ. ಹೆಸರು, ದಿನಾಂಕ, ಸಮಯ, ಸ್ಥಳ, ಭಾಷೆ ಬೇರೆ ಬೇರೆ ಸಾಲಿನಲ್ಲಿರಲಿ. ಟ್ಯಾಗ್ ಹಾಕುವ ಕೆಲಸವನ್ನು ನಾವು ನೋಡಿಕೊಳ್ಳುತ್ತೇವೆ.

2. ಹಳೆಯ ಫಾಂಟುಗಳ ಕಡತಗಳನ್ನು ಆ ಫಾಂಟ್ ಇರುವ ಕಂಪ್ಯೂಟರ್ ಕೆಡುವ ಮೊದಲೇ ಯೂನಿಕೋಡಿಗೆ ಪರಿವರ್ತಿಸಿ. ಮೂಲ ಕಡತವನ್ನೂ ಇಟ್ಟುಕೊಳ್ಳಿ.

3. ವರ್ಡ್‌ಪ್ರೆಸ್ ತಾಣವಿದ್ದರೆ ಮೂರು ತಿಂಗಳಿಗೊಮ್ಮೆ "ಎಕ್ಸ್‌ಪೋರ್ಟ್" ಮಾಡಿ. ಸಿಗುವುದು ಎಕ್ಸ್‌ಎಂಎಲ್ ಕಡತ. ಅದರಲ್ಲಿ ಬರಹ ಇರುತ್ತದೆ, ಫೋಟೋಗಳ ಕೊಂಡಿ ಮಾತ್ರ ಇರುತ್ತದೆ. ಫೋಟೋಗಳನ್ನು ಬೇರೆಯಾಗಿ ಇಳಿಸಿಕೊಳ್ಳಬೇಕು.

4. ಪ್ರತಿಗಳನ್ನು ಎರಡು ಕಡೆ ಇಡಿ. ಒಂದು ಸಂಘದ ಕಚೇರಿಯಲ್ಲಿ, ಇನ್ನೊಂದು ಬೇರೆ ಊರಿನ ಪದಾಧಿಕಾರಿಯಲ್ಲಿ. ಕಾರ್ಯದರ್ಶಿ ಬದಲಾದಾಗ ಪಾಸ್‌ವರ್ಡ್ ಮತ್ತು ಕಡತಗಳನ್ನು ನಗದು ಪುಸ್ತಕದಂತೆಯೇ ಸಹಿ ಪಡೆದು ಹಸ್ತಾಂತರಿಸಿ.

ಇವಕ್ಕೆ ದೊಡ್ಡ ಖರ್ಚಿಲ್ಲ. ಎಕ್ಸ್‌ಎಂಎಲ್ ಬಳಸಲು ಯಾರಿಗೂ ಶುಲ್ಕ ಕೊಡಬೇಕಾಗಿಲ್ಲ, ಯಾರ ಅನುಮತಿಯೂ ಬೇಡ. ಬೇಕಾಗಿರುವುದು ಟೈಪಿಂಗ್ ಬಲ್ಲ ಒಬ್ಬರು, ಕರಡು ತಿದ್ದಬಲ್ಲ ಒಬ್ಬರು ಮತ್ತು ವಾರಕ್ಕೆ ಒಂದೆರಡು ಗಂಟೆ ಬಿಡುವು. ಸ್ಮರಣ ಸಂಚಿಕೆಗಳ ಹಳೆಯ ಪ್ರತಿ ಮನೆಯಲ್ಲಿ ಇರುವವರು ದಯವಿಟ್ಟು ಸಂಘಕ್ಕೆ ತಿಳಿಸಬೇಕು. ನೋಡಿ ನಕಲು ಮಾಡಿಕೊಂಡು ಮೂಲ ಪ್ರತಿಯನ್ನು ಜೋಪಾನವಾಗಿ ಹಿಂದಿರುಗಿಸುತ್ತೇವೆ.

ಸಂಘದ ಪರವಾಗಿ,
ಕಾರ್ಯದರ್ಶಿ